ಅಜ್ಜನ ಮೊಳದ ಬೆಂಚು

ನಮ್ಮ ಗಾಡಿಮನೆಗೆ ಮೂರೇ ಗೋಡೆ. ಮೂಡಣದ ಬದಿ ಪೂರ್ತಿ ತೆರೆದಿತ್ತು. ಅಜ್ಜನ ಎರಡು ಎತ್ತಿನ ಚಕ್ಕಡಿಗಳು ಹಿಂದಕ್ಕೆ ಸರಿದು ಒಳಗೆ ನಿಲ್ಲುತ್ತಿದ್ದದ್ದು ಅಲ್ಲಿಂದಲೇ. ಮನೆ ಇದ್ದದ್ದು ಬೆಳಗಾವಿ ಮುಗಿದು ಹೊಲಗಳು ಶುರುವಾಗುವ ಕಡೆ, ಖಾನಾಪುರದ ರಸ್ತೆಗೆ ಮುಖ ಮಾಡಿಕೊಂಡು. ಮುಂದೆ ಕಟ್ಟೆ, ಅದರ ಹಿಂದೆ ಪಡಸಾಲೆ, ಪಡಸಾಲೆಯ ಎಡಕ್ಕೆ ದೇವರ ಕೋಣೆ, ಬಲಕ್ಕೆ ಅಕ್ಕಿಚೀಲ ಪೇರಿಸುವ ಕತ್ತಲೆ ಕೋಣೆ, ಹಿಂದೆ ಅಡುಗೆಮನೆ. ಗಾಡಿಮನೆ ಮಾತ್ರ ಬೇರೆಯಾಗಿ, ಬಾವಿಯ ಆಚೆಗೆ. ಒಂದೊಂದು ಕೋಣೆಗೆ ಒಂದೊಂದು ವಾಸನೆ. ಕಣ್ಣು ಕಟ್ಟಿ ಬಿಟ್ಟರೂ ನಾನು ಎಲ್ಲಿದ್ದೇನೆಂದು ಹೇಳಬಲ್ಲವಳಾಗಿದ್ದೆ. ಗಾಡಿಮನೆಯಲ್ಲಿ ಹೊಟ್ಟು, ಸೆಗಣಿ, ಅಚ್ಚಿಗೆ ಹಚ್ಚುವ ಔಡಲೆಣ್ಣೆ. ನಾನು ಹೇಳಹೊರಟ ವರ್ಷ ಅಲ್ಲಿಗೆ ಹೊಸದೊಂದು ವಾಸನೆ ಬಂದು ಸೇರಿತ್ತು. ಮೂಗಿಗೆ ಹತ್ತಿದರೆ ಸೀನು ಬರುವಂಥದು, ಆದರೂ ಇನ್ನೊಮ್ಮೆ ಮೂಸಬೇಕು ಅನ್ನಿಸುವಂಥದು. ಅದು ಪೆಟ್ರೋಲಿನದು ಎಂದು ಆಮೇಲೆ ತಿಳಿಯಿತು.

ನಾನು ಆ ಮನೆಯ ಮಗಳೇ ಆದರೂ ಆ ವರ್ಷ ಅಲ್ಲಿ ಹೊಸಬಳು. ಬೀಡಿ ಎಂಬ ಹಳ್ಳಿಯಲ್ಲಿದ್ದ ನನ್ನ ಸೋದರಮಾವನಿಗೆ ಹೆಣ್ಣುಮಕ್ಕಳಿರಲಿಲ್ಲ. ಕೂಸಿದ್ದಾಗಲೇ ನನ್ನನ್ನು ಕರೆದೊಯ್ದು ಸಾಕಿದರು, ಊರ ಸಾಲೆಗೆ ಹಾಕಿದರು. ನಾಲ್ಕನೆಯ ಇಯತ್ತೆ ಮುಗಿದ ಮೇಲೆ ಅಲ್ಲಿ ಮುಂದೆ ಕಲಿಸುವವರಿರಲಿಲ್ಲ, ಮನೆಗೆ ಕಳಿಸಿಕೊಟ್ಟರು. ನನ್ನ ಓದು ಅಷ್ಟೇ, ಮಕ್ಕಳೇ. ಈ ಬರಹದಲ್ಲಿ ತಪ್ಪು ಕಂಡರೆ ತಿದ್ದಿಕೊಳ್ಳಿರಿ. ಬಂದ ಮೊದಲ ತಿಂಗಳು ನಾನು ಯಾರೊಡನೆಯೂ ಹೆಚ್ಚು ಮಾತಾಡಿದ ನೆನಪಿಲ್ಲ. ಅಪ್ಪನೂ ನನಗೆ ಹೊಸಬನೇ. ನಮ್ಮದು ಜೈನರ ಮನೆ. ನೀರನ್ನು ಬಟ್ಟೆಯಲ್ಲಿ ಸೋಸದೆ ಯಾರೂ ಕುಡಿಯುತ್ತಿರಲಿಲ್ಲ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಆಮೇಲೆ ಮರುದಿನ ಬೆಳಗಿನ ತನಕ ಒಂದು ಕಾಳೂ ಬಾಯಿಗೆ ಹಾಕುವಂತಿಲ್ಲ. ಸಂಜೆ ಗಂಡಸರನ್ನು ಊಟಕ್ಕೆ ಕರೆಯುವ ಕೆಲಸವನ್ನು ಆಯಿ ನನಗೆ ಹಚ್ಚಿದಳು. ಆಯಿ ಅಂದರೆ ಅಪ್ಪನ ತಾಯಿ. ನಾನು ಬಾಯಿ ಬಿಟ್ಟು ಕರೆಯುತ್ತಿರಲಿಲ್ಲ; ಹೋಗಿ ಎದುರಿಗೆ ನಿಲ್ಲುತ್ತಿದ್ದೆ. ನಾನು ನಿಂತದ್ದು ಕಂಡರೆ ಹೊತ್ತಾಯಿತು ಎಂದು ಅವರೇ ಎದ್ದು ಬರುತ್ತಿದ್ದರು.

ಅಪ್ಪ ಕೆಲವು ವರ್ಷ ಬೆಳಗಾವಿಯ ಕ್ಯಾಂಪಿನಲ್ಲಿ, ಗೋರಾ ದಂಡು ಇರುವ ಕಡೆ, ಒಬ್ಬ ಗೋರಾ ಸಾಹೇಬನ ಹತ್ತಿರ ಕೆಲಸಕ್ಕಿದ್ದ. ಮೊದಲು ಸಾಹೇಬನ ಮೋಟಾರು ಒರೆಸುವುದು, ಆಮೇಲೆ ಅದರ ಹೊಟ್ಟೆ ಬಿಚ್ಚಿದಾಗ ಪಕ್ಕದಲ್ಲಿ ನಿಂತು ಸಾಮಾನು ಕೊಡುವುದು, ಕಡೆಗೆ ಓಡಿಸುವುದು, ಹೀಗೆ ಕಲಿತಿದ್ದ. ಸಾಹೇಬ ತನ್ನ ದೇಶಕ್ಕೆ ಹೊರಟಾಗ, ಕೆಟ್ಟು ನಿಂತಿದ್ದ ಆ ಮೋಟಾರನ್ನು ಅಪ್ಪನಿಗೇ ಬಿಟ್ಟು ಹೋದ. ಅದು ನಮ್ಮ ಮನೆಗೆ ಬಂದದ್ದು ಅಜ್ಜನ ಎತ್ತುಗಳ ಹಿಂದೆ, ಹಗ್ಗ ಕಟ್ಟಿಸಿಕೊಂಡು. ಅಜ್ಜ ಲೋಂಡಾಕ್ಕೆ ಹೋದ ದಿನ ನೋಡಿ ಅಪ್ಪ ಆ ಕೆಲಸ ಮಾಡಿದ್ದ. ಅಜ್ಜ ತಿರುಗಿ ಬಂದಾಗ ಒಂದು ಚಕ್ಕಡಿ ಹೊರಗೆ ಮಳೆಯಲ್ಲಿ ನೆನೆಯುತ್ತಿತ್ತು. ಅದರ ಜಾಗದಲ್ಲಿ ಮೋಟಾರು ಕೂತಿತ್ತು. ಅಜ್ಜ ತೊಯ್ದ ಛತ್ರಿಯನ್ನೂ ಮುಚ್ಚದೆ ಅದರ ಸುತ್ತ ಒಂದು ಸುತ್ತು ಬಂದ.

"ಭರಮಾ, ಇದೇನಿದು?"

"ಮೋಟಾರರಿ, ಅಪ್ಪಾ."

"ನನಗೂ ಕಣ್ಣ ಅದಾವ. ನಡೀತೈತೇನಂದೆ."

"ಈಗ ನಡಿಯಂಗಿಲ್ರಿ. ಬಿಚ್ಚಿ ನೆಟ್ಟಗ ಮಾಡಿದ್ರ ಒಂದೂವರಿ ತಾಸಿನಾಗ ಖಾನಾಪುರ ಮುಟ್ಟತೈತ್ರಿ. ಮಂದೀನ ಕುಂದ್ರಿಸ್ಕೊಂಡು ದಿನಾ ಹೋಗಿ ಬರಬಹುದು."

"ನಡೀಲಾರದ ಎತ್ತನ್ನ ಯಾರರ ಮನಿ ಒಳಗ ಕಟ್ಕೊಂತಾರೇನ?"

ಆಯಿ ಬಾವಿಯ ಹತ್ತಿರ ಕೊಡ ತುಂಬುತ್ತಿದ್ದಳು. ಅಲ್ಲಿಂದಲೇ ಹೇಳಿದಳು:

"ನೀವ ಕಟ್ಕೊಂಡೀರಲ್ಲ, ಆ ಮುದಿ ಬಿಳಿ ಎತ್ತು. ಮೂರು ವರ್ಷಾತು, ತಿನ್ನೂದು ಒಂದ ಕೆಲಸ ಅದಕ್ಕ."

"ಅದಕ್ಕ ಜೀವ ಐತಿ! ಇದಕ್ಕೇನೈತಿ?" ಎಂದು ಅಜ್ಜ ಛತ್ರಿಯ ತುದಿಯಿಂದ ಮೋಟಾರಿನ ಗಾಲಿ ತಿವಿದ. "ಕೇಳು ಭರಮಾ. ಶೀಗಿ ಹುಣ್ಣಿಮಿ ಆದ ಮ್ಯಾಲ ಸುಗ್ಗಿ. ಎರಡೂ ಚಕ್ಕಡಿ ಬೇಕು, ಗಾಡಿಮನೀನೂ ಬೇಕು. ಹುಣ್ಣಿಮಿ ಮುಂಜಾನಿ ಇದು ತಾನ ಎದ್ದು ಹೊರಗ ಹೋಗಬೇಕು. ಇಲ್ಲಾಂದ್ರ ಎತ್ತು ಹೂಡಿ ಎಳಿಸಿ ಗುಜರಿಯವಗ ಹಾಕ್ತೇನಿ. ನೀ ಮತ್ತ ಬಾರಕೋಲ ಹಿಡೀತಿ."

ಅಂದಿನಿಂದ ಅವರಿಬ್ಬರ ನಡುವೆ ಮಾತು ನಿಂತಿತು. ಹೇಳುವುದಿದ್ದರೆ ಆಯಿಯ ಮೂಲಕ, ಇಲ್ಲವೇ ಗೋಡೆಗೆ ಹೇಳಿದಂತೆ. ಊಟಕ್ಕೆ ಪಕ್ಕಪಕ್ಕ ಕೂತರೂ ಇಬ್ಬರ ತಾಟುಗಳ ನಡುವೆ ಇನ್ನೊಂದು ತಾಟು ಹಿಡಿಯುವಷ್ಟು ಜಾಗ ಬಿಡುತ್ತಿದ್ದರು. ನನ್ನ ಅವ್ವ ಆ ಜಾಗದಲ್ಲಿ ಉಪ್ಪಿನಕಾಯಿ ಭರಣಿ ಇಡುತ್ತಿದ್ದಳು.

ಅಪ್ಪ ಮಳೆಗಾಲದಲ್ಲೇ ಕೆಲಸ ಶುರು ಮಾಡಿದ. ಬಿಚ್ಚಿದ್ದನ್ನು ಎಲ್ಲಿ ಇಡಬೇಕು ಅನ್ನುವುದೇ ಮೊದಲ ತೊಂದರೆ. ನೆಲದ ಮೇಲಿಟ್ಟರೆ ಸೆಗಣಿಯ ಪುಡಿ ಹತ್ತುತ್ತಿತ್ತು. ಹೊರಸಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದ, ಹೊರಸಿನ ಕಾಲು ಮುರಿಯಿತು. ಚಕ್ಕಡಿಯ ಹಲಿಗೆಯ ಮೇಲಿಟ್ಟು ಅರ ಹಾಕಿದ. ಅವನು ಒತ್ತಿದಂತೆಲ್ಲ ಚಕ್ಕಡಿ ಹಿಂದೆ ಮುಂದೆ ಹೊರಳಾಡಿತು. ಒಂದು ಮಧ್ಯಾಹ್ನ ಆಯಿ ಮಲಗಿದ್ದಾಗ ಅಡುಗೆಮನೆಯ ದೊಡ್ಡ ರೊಟ್ಟಿಹಲಿಗೆ ಒಯ್ದು ಅದರ ಮೇಲೆ ಒಂದು ಹಲ್ಲಿನ ಚಕ್ರ ತೊಳೆದ. ಮರುದಿನದ ರೊಟ್ಟಿಗೆ ಮೋಟಾರಿನ ವಾಸನೆ ಬಂತು. ಆಯಿ ಮೊದಲು ಅವ್ವನನ್ನು ಬೈದಳು, ಆಮೇಲೆ ಹಲಿಗೆ ಮೂಸಿ ನೋಡಿ ಅಪ್ಪನನ್ನು. ನಾನು ಆ ರೊಟ್ಟಿಯನ್ನು ಸಾವಕಾಶವಾಗಿ ಅಗಿದು ತಿಂದೆ. ಮೋಟಾರು ತಿಂದರೆ ಹೇಗಿರುತ್ತದೆ ಎಂದು ನನಗೆ ತಿಳಿಯಬೇಕಿತ್ತು. ಅಪ್ಪ ಕ್ಯಾಂಪಿನಲ್ಲಿ ಕಂಡಿದ್ದ ಬೆಂಚಿನ ಬಗ್ಗೆ ಹೇಳಿದ್ದು ಆವತ್ತೇ. ಕೂರುವ ಬೆಂಚಲ್ಲ, ನಿಂತು ಕೆಲಸ ಮಾಡುವ ಬೆಂಚು. ಆನೆ ಒರಗಿದರೂ ಅಲುಗಾಡಬಾರದು. ಅದರ ಅಂಚಿಗೆ ಒಂದು ವೈಸ್ ಕೂರಿಸುತ್ತಾರೆ. ತಿರುಪು ತಿರುಗಿಸಿದರೆ ಬಾಯಿ ಮುಚ್ಚಿ ಸಾಮಾನನ್ನು ಕಚ್ಚಿ ಹಿಡಿಯುವ ಕಬ್ಬಿಣದ ಇಕ್ಕಳ ಅದು. ಆ ವೈಸನ್ನು ಸಾಹೇಬ ಮೋಟಾರಿನ ಜೊತೆಗೇ ಕೊಟ್ಟಿದ್ದ. ಬೆಂಚು ಮಾತ್ರ ಇರಲಿಲ್ಲ.

ಮಳೆ ಕಡಿಮೆಯಾದ ಮೇಲೆ ಖಾನಾಪುರದಿಂದ ಕಾಳಪ್ಪ ಬಡಿಗೇರ ಬಂದ. ಅಜ್ಜನ ಚಕ್ಕಡಿಗಳನ್ನು ಮಾಡಿದವನು ಅವನೇ. ಕಾಲಿಗೆ ಮತ್ತಿಮರದ ನಾಲ್ಕು ತುಂಡು, ಮೇಲ್ಭಾಗಕ್ಕೆ ನಾಲ್ಕು ಬೆರಳು ದಪ್ಪದ ಸಾಗವಾನಿ ಹಲಿಗೆ, ಎಲ್ಲ ಅವನ ಜೊತೆ ಗಾಡಿಯಲ್ಲಿ ಬಂದವು. ಆಯಿ ಆ ಮರವನ್ನು ಸುಮ್ಮನೆ ಒಳಗೆ ಬಿಡಲಿಲ್ಲ. ಮೂರು ದಿನ ಬಿಸಿಲಿಗೆ ಹಾಕಿಸಿದಳು. ದಿನಕ್ಕೆರಡು ಸಲ ಒನಕೆಯ ತುದಿಯಿಂದ ಮೆಲ್ಲಗೆ ತಟ್ಟಿ, ಕಿವಿ ಹಚ್ಚಿ ಕೇಳಿ, ಒಳಗೆ ಹುಳ ಇದ್ದರೆ ಹೊರಗೆ ಹೋಗಲೆಂದು ಕಾದಳು. ಒಂದು ತೂತಿನಿಂದ ಕರಿ ಹುಳ ಹೊರಬಂತು. ಅದನ್ನು ಎಲೆಯ ಮೇಲೆ ಹತ್ತಿಸಿಕೊಂಡು ಹೋಗಿ ಬೇಲಿಯಲ್ಲಿ ಬಿಟ್ಟು ಬಂದಳು. ಕಾಳಪ್ಪ ಎಲೆ ಅಡಿಕೆ ಮೆಲ್ಲುತ್ತ ನೋಡುತ್ತಿದ್ದ.

"ಆಯೀ, ಅದರ ಹೆಂಡ್ತಿ ಮಕ್ಕಳು ಒಳಗ ಉಳದಿದ್ರ ಏನ ಮಾಡ್ತೀರಿ?"

"ನಿನಗ ಊಟ ತಡಾ ಹಾಕ್ತೇನಿ. ಅವೆಲ್ಲಾ ಹೊರಗ ಬರೂತನಕ ಕುಂದರು."

ನಿಂತು ಕೆಲಸ ಮಾಡುವುದು ಅಂದರೆ ಏನೆಂದು ಕಾಳಪ್ಪನಿಗೆ ತಿಳಿಯಲೇ ಇಲ್ಲ. ಅವನು ಹುಟ್ಟಿದಾರಭ್ಯ ನೆಲದ ಮೇಲೆ ಕೂತು, ಎರಡೂ ಪಾದಗಳಿಂದ ಕಟ್ಟಿಗೆ ಒತ್ತಿ ಹಿಡಿದು ಕೆಲಸ ಮಾಡಿದವನು. ಅವನ ಹೆಬ್ಬೆರಳು ನಮ್ಮ ಕೈಬೆರಳಿನಂತೆ ಹಿಡಿಯುತ್ತಿತ್ತು. ಅಪ್ಪ ನಿಂತು, ಕೈ ಬೀಸಿ, ಅರ ಹಾಕುವುದನ್ನು ಗಾಳಿಯಲ್ಲಿ ತೋರಿಸಿದ.

"ಎಷ್ಟ ಎತ್ತರ ಇರಬೇಕ್ರಿ ಸಣ್ಣ ಸಾವಕಾರ್ರ?"

"ನೆಲದ ಮ್ಯಾಲ ಎರಡ ಮೊಳ," ಎಂದ ಅಪ್ಪ. ಹಾಗೆಂದು ಹೇಳಿ ಕ್ಯಾಂಪಿಗೆ ಮೊಳೆ, ತಿರುಪು ತರಲು ಹೋದ.

ಇಲ್ಲಿಂದ ಮುಂದಿನದಕ್ಕೆ ನಾನೊಬ್ಬಳೇ ಸಾಕ್ಷಿ. ಕಾಳಪ್ಪ ಒಂದು ಬಿದಿರು ಕಡ್ಡಿ ಹಿಡಿದು ಕಟ್ಟೆಯ ಮೇಲೆ ಜಪಸರ ಎಣಿಸುತ್ತ ಕೂತಿದ್ದ ಅಜ್ಜನ ಹತ್ತಿರ ಹೋದ. ನನ್ನನ್ನೂ ಕೈಮಾಡಿ ಕರೆದ.

"ಸಾವಕಾರ್ರ, ಒಂಚೂರು ಕೈ ಕೊಡ್ರಿ. ಮೊಳಾ ತಗೋಬೇಕು."

"ಯಾತಕ್ಕ?"

"ಗಾಡಿಮನಿ ಬೆಂಚಿಗಿರಿ. ನೆಲದಾಗ ಕಾಲ ಊರೂ ಸಾಮಾನಕ್ಕ ಮನಿ ಯಜಮಾನರ ಮೊಳಾನ ಅಳತಿ. ಚೌಕಟ್ಟಿಗೂ ಅದ, ಕಂಬಕ್ಕೂ ಅದ. ನಮ್ಮಪ್ಪ ಈ ಮನಿ ಕಟ್ಟಿದಾಗ ನಿಮ್ಮಪ್ಪನ ಮೊಳಾ ತಗೊಂಡಿದ್ದ."

ಮೋಟಾರು ಬಂದ ಮೇಲೆ ಗಾಡಿಮನೆಯ ವಿಷಯದಲ್ಲಿ ಅಜ್ಜನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಅಜ್ಜ ಜಪಸರವನ್ನು ಹಣೆಗೊತ್ತಿಕೊಂಡು ಕೆಳಗಿಟ್ಟ. ಅಂಗಿಯ ತೋಳು ಮೇಲೇರಿಸಿದ. "ನಿನಗರ ನೆನಪೈತಲ್ಲ, ಯಜಮಾನ ಇನ್ನೂ ಅದಾನಂತ," ಎಂದು ಕೈ ಚಾಚಿದ. ಮೊಣಕೈಯ ತುದಿಯಲ್ಲಿ ಕಡ್ಡಿಯನ್ನು ಒತ್ತಿ ಹಿಡಿಯುವ ಕೆಲಸ ನನ್ನದು. ಅಜ್ಜನ ಚರ್ಮ ಬೆಚ್ಚಗಿತ್ತು. ನಡುಬೆರಳಿನ ತುದಿ ಎಲ್ಲಿ ಮುಗಿಯಿತೋ ಅಲ್ಲಿ ಕಾಳಪ್ಪ ಕಡ್ಡಿ ಕಡಿದ.

ಅದು ತಪ್ಪು ಎಂದು ನನಗೆ ಆಗಲೇ ಗೊತ್ತಾಯಿತು. ಬೀಡಿಯ ಸಾಲೆಯಲ್ಲಿ ಮಾಸ್ತರರು ಒಮ್ಮೆ ನಮ್ಮೆಲ್ಲರಿಂದಲೂ ಸಾಲೆಯ ಕಟ್ಟೆಯನ್ನು ಮೊಳದಲ್ಲಿ ಅಳೆಸಿದ್ದರು. ಒಬ್ಬನಿಗೆ ಹತ್ತೊಂಬತ್ತು ಬಂತು, ನನಗೆ ಇಪ್ಪತ್ತಮೂರು. ಕಟ್ಟೆ ಒಂದೇ, ಕೈ ಬೇರೆ ಎಂದು ಹೇಳಿ ಆಮೇಲೆ ಕಟ್ಟಿಗೆಯ ಫೂಟಪಟ್ಟಿ ತೋರಿಸಿದ್ದರು. ಅಜ್ಜ ನಮ್ಮ ಮನೆಯ ಬಾಗಿಲು ದಾಟುವಾಗ ಬಗ್ಗಬೇಕಿತ್ತು. ಅಪ್ಪ ಆಯಿಯಂತೆ ಗಿಡ್ಡ, ತಲೆಯ ಮೇಲೆ ರುಮಾಲು ಇದ್ದರೂ ನೆಟ್ಟಗೆ ದಾಟುತ್ತಿದ್ದ. ಅಪ್ಪ ಹೇಳಿದ ಎರಡು ಮೊಳ ಅವನ ಕೈಯವು. ನಾನು ಬಾಯಿ ತೆರೆಯಬೇಕೆಂದು ಕಾಳಪ್ಪನ ಹಿಂದೆ ಬಾವಿಯ ತನಕ ಹೋದೆ. ಆದರೆ ಹಿಂದಿರುಗಿ ನೋಡಿದರೆ ಅಜ್ಜ ಕಟ್ಟೆಯ ಮೇಲೆ ಇನ್ನೂ ತೋಳು ಇಳಿಸದೆ, ತನ್ನ ಕೈಯನ್ನು ತಾನೇ ತಿರುಗಿಸಿ ನೋಡುತ್ತ ಕೂತಿದ್ದ. ಆ ಮಳೆಗಾಲವೆಲ್ಲ ಅವನ ಮುಖ ಹಾಗೆ ತಿಳಿಯಾದದ್ದನ್ನು ನಾನು ಕಂಡಿರಲಿಲ್ಲ. ನಾನು ಹೇಳಿದರೆ ಆ ಮುಖ ಏನಾಗುತ್ತದೆ? ಹೇಳದಿದ್ದರೆ ಬೆಂಚು ಏನಾಗುತ್ತದೆ? ಹೀಗೆ ಯೋಚಿಸುತ್ತ ನಿಂತಿದ್ದಾಗಲೇ ಕಾಳಪ್ಪ ಗರಗಸ ತೆಗೆದ. ನಾಚಿಕೆಯ ಹುಡುಗಿಯರಿಗೆ ಯೋಚನೆ ಒಂದು ಅನುಕೂಲ. ಅದು ಮುಗಿಯುವಷ್ಟರಲ್ಲಿ ಮಾತಾಡುವ ಹೊತ್ತು ದಾಟಿರುತ್ತದೆ.

ಬೆಂಚು ಆಗುವ ತನಕ, ಆರು ದಿನ, ನಾನು ಗಾಡಿಮನೆ ಬಿಟ್ಟು ಕದಲಲಿಲ್ಲ. ಕಾಳಪ್ಪ ಕಾಲುಗಳನ್ನು ಬಾಚಿಯಿಂದ ಚೌಕಾಗಿ ಕೆತ್ತಿದ. ಪ್ರತಿ ಕಾಲಿನ ಮೇಲ್ತುದಿಯನ್ನು ನಾಲಿಗೆಯಂತೆ ಸಣ್ಣ ಮಾಡಿದ, ಹಲಿಗೆಯಲ್ಲಿ ಅದೇ ಅಳತೆಯ ತೂತನ್ನು ಉಳಿಯಿಂದ ಕೊರೆದ. ನಾಲಿಗೆ ತೂತಿನಲ್ಲಿ ಸುಲಭವಾಗಿ ಹೋದರೆ ಕೆಲಸ ಕೆಟ್ಟಂತೆ, ಕೊಡತಿಯ ಏಟಿಗೆ ಗೊಣಗುತ್ತ ಹೋಗಬೇಕು ಎಂದ. ಹೋದ ಮೇಲೆ ನಾಲಿಗೆಯ ನಡುವೆ ಸೀಳಿ ಒಂದು ಬೆಣೆ ಹೊಡೆದ. ಒಂದು ಮೊಳೆಯನ್ನೂ ಹಾಕಲಿಲ್ಲ. ಕಾಲುಗಳ ಕೆಳಗಿನ ಅರ್ಧಕ್ಕೆ ಡಾಂಬರು ಬಳಿದು, ನಾಲ್ಕು ಕುಣಿ ತೋಡಿ, ಅಪ್ಪ ಮತ್ತು ಗಾಡಿ ಹೊಡೆಯುವ ಲಗಮಣ್ಣ ಸೇರಿ ಬೆಂಚನ್ನು ಎತ್ತಿ ಇಳಿಸಿದರು. ಕುಣಿಗೆ ಕಲ್ಲು, ಗರಸು ತುಂಬಿ ಬಡಿದರು. ಅಪ್ಪನಿಗೆ ಎತ್ತರ ನೋಡುವ ಎಚ್ಚರವೇ ಇರಲಿಲ್ಲ. ಅದು ಅಲುಗಾಡುವುದಿಲ್ಲ ಅನ್ನುವ ಸಂತೋಷದಲ್ಲಿ ಹೋಗಿ ಹೋಗಿ ಭುಜದಿಂದ ನೂಕಿ ನೋಡುತ್ತಿದ್ದ. ಆಯಿ ಅರಿಸಿನ ಕುಂಕುಮ ಹಚ್ಚಿ ಕಾಯಿ ಒಡೆಸಿದಳು. ಅಜ್ಜ ಕಟ್ಟೆಯಿಂದ ಇಳಿದು ಬರಲಿಲ್ಲ, ಆದರೆ ಕಾಯಿಯ ಹೋಳು ಬೇಡ ಅನ್ನಲೂ ಇಲ್ಲ.

ಮರುದಿನ ಅಪ್ಪ ವೈಸ್ ಕೂರಿಸಿದ. ಅದರ ಬಾಯಿಗೆ ಒಂದು ಕಬ್ಬಿಣದ ಸಲಾಕೆ ಕೊಟ್ಟು ಅರ ಹಿಡಿದು ನಿಂತ. ಬೆಂಚು ಅವನ ಪಕ್ಕೆಲುಬಿಗೆ ಬಂದಿತ್ತು. ವೈಸಂತೂ ಕಂಕುಳಕ್ಕೆ. ಅರ ಒತ್ತಲು ಮೊಣಕೈ ಕಿವಿಯ ಹತ್ತಿರ ಹೋಗುತ್ತಿತ್ತು. ನಾಲ್ಕು ಸಲ ಎಳೆದು ನಿಲ್ಲಿಸಿದ.

"ಕಾಳಪ್ಪಾ, ಎರಡ ಮೊಳಾ ಅಂದಿದ್ನಲ್ಲೋ."

"ಎರಡ ಮೊಳಾನ ಐತ್ರಿ. ಕಡ್ಡಿ ಹಚ್ಚಿ ನೋಡ್ರಿ."

ಅಪ್ಪ ಕಡ್ಡಿಯನ್ನು ತನ್ನ ಕೈಗೆ ಹಚ್ಚಿಕೊಂಡ. ಅದು ಅವನ ಬೆರಳಿನ ಆಚೆಗೆ ನಾಲ್ಕು ಬೆರಳು ಉಳಿಯಿತು.

"ಇದು ಯಾರ ಮೊಳಾ?"

"ಯಜಮಾನರದರಿ. ಮತ್ಯಾರದು?"

ಕಾಳಪ್ಪ ನನ್ನ ಕಡೆ ಕೈ ತೋರಿಸಿ, "ಈ ಹುಡುಗೀನ ಕಡ್ಡಿ ಮೊಣಕೈಗೆ ಹಿಡದಿದ್ಳು, ಕೇಳ್ರಿ ಬೇಕಾದ್ರ," ಎಂದ.

"ಪದ್ದೀ, ನಿನಗ ಗೊತ್ತಿತ್ತೇನ?" ಎಂದ ಅಪ್ಪ. ನಾನು ಹೂಂ ಎಂದು ಗೋಣು ಹಾಕಿದೆ. "ಮತ್ತ ಯಾಕ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ," ಎಂದೆ.

ಅಪ್ಪ ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವನು ನನ್ನನ್ನು ಸ್ವಲ್ಪ ಹೊತ್ತು ನೋಡಿದ, ಬಿಚ್ಚಿದ ಯಂತ್ರದ ಭಾಗವನ್ನು ನೋಡುವ ಹಾಗೆ, ಇದು ಯಾಕೆ ನಡೆಯುತ್ತಿಲ್ಲ ಅನ್ನುವ ಹಾಗೆ. ಆಮೇಲೆ ಗರಗಸ ಎತ್ತಿಕೊಂಡ. ಕಾಳಪ್ಪ ಓಡಿ ಬಂದು ಅವನ ಕೈ ಹಿಡಿದ.

"ಊರಿ ಪೂಜಿ ಆದದ್ದನ್ನ ಕಡೀಬಾರದ್ರಿ! ಯಜಮಾನರ ಮೊಳಾ ಅದು. ಅದನ್ನ ಗಿಡ್ಡ ಮಾಡೂದು ಅಂದ್ರ ಅವರ ಆಯುಷ್ಯಾನ..."

ಆಯಿಯ ಕೈ ಕೊರಳಿನ ತಾಳಿಗೆ ಹೋಯಿತು. "ಬ್ಯಾಡ ಭರಮಾ. ನಿನ್ನ ಮೋಟಾರ ಹಾಳಾಗಿ ಹೋಗಲಿ, ಅದನ್ನ ಮುಟ್ಟಬ್ಯಾಡ," ಎಂದಳು. ಅಪ್ಪ ಇಂಥವನ್ನೆಲ್ಲ ನಂಬುವವನಲ್ಲ. ಆದರೂ ಗರಗಸ ಕೆಳಗಿಟ್ಟ. ಶೀಗಿ ಹುಣ್ಣಿಮೆಗೆ ಉಳಿದದ್ದು ಹದಿನೇಳು ದಿನ. ಹೊಸ ಮರ ಬಂದು ಒಣಗಿ, ಇನ್ನೊಂದು ಬೆಂಚು ಏಳುವ ಮಾತೇ ಇರಲಿಲ್ಲ.

ಆ ಸಂಜೆ ಎಲ್ಲರೂ ಊಟಕ್ಕೆ ಕೂತರು. ಅವ್ವ ಮೇಲಿನ ಗೂಡಿನಿಂದ ಬೆಲ್ಲದ ಡಬ್ಬಿ ತೆಗೆಯಲು ಕೂರುವ ಮಣೆಯನ್ನು ಕಾಲಿನಿಂದ ಸರಿಸಿಕೊಂಡು ಅದರ ಮೇಲೆ ಹತ್ತಿದಳು. ದಿನಾ ಮಾಡುತ್ತಿದ್ದ ಕೆಲಸ. ಆವತ್ತು ಮಾತ್ರ ನಾನು ಅವಳ ಪಾದಗಳನ್ನು ನೋಡಿದೆ. ಗಂಡಸರ ಎದುರು, ಅದೂ ಊಟದ ಹೊತ್ತಿನಲ್ಲಿ, ನಾನಾಗಿ ಆವರೆಗೆ ಒಂದು ಮಾತು ಆಡಿದವಳಲ್ಲ.

"ಅವ್ವ ಗೂಡು ಇಳಿಸಂಗಿಲ್ಲಲ್ಲ," ಎಂದೆ. ದನಿ ನನ್ನದಲ್ಲವೇನೋ ಅನ್ನುವಂತೆ ಬಂತು. "ತಾನ ಏರ್ತಾಳ."

ಎಲ್ಲರೂ ನನ್ನ ಕಡೆ ತಿರುಗಿದರು. ಆಯಿಗೆ ತಿಳಿಯಲಿಲ್ಲ. "ಏನಂತೈತಿ ಇದು?" ಎಂದಳು.

"ಬೆಂಚ ಅಲ್ಲೇ ಇರಲಿ. ಅಪ್ಪ ನಿಲ್ಲೂ ಕಡೆ ನೆಲಾ ಏರಿಸೂಣು."

ಅಪ್ಪ ರೊಟ್ಟಿಯ ತುತ್ತನ್ನು ಬಾಯಿಯ ಹತ್ತಿರ ಹಿಡಿದುಕೊಂಡು ಹಾಗೇ ಕೂತ. "ಹಲಿಗಿ ಹಾಕಿದ್ರ ಅಲುಗಾಡತೈತಿ," ಎಂದ ಮೆಲ್ಲಗೆ, ತನಗೆ ತಾನೇ. "ಗರಸು ಹಾಕಿ ಬಡದ್ರ... ಅಲುಗಾಡಂಗಿಲ್ಲ." ಆಮೇಲೆ ನನ್ನನ್ನು ನೋಡಿ, "ಎಷ್ಟು?" ಎಂದು ಕೇಳಿದ. ಯಾರೋ ಸಮಾನರನ್ನು ಕೇಳುವಂತೆ ಕೇಳಿದ.

"ಒಂದ ಮೊಳಕ್ಕ ನಾಕು ಬೆರಳು. ಎರಡ ಮೊಳಕ್ಕ ಎಂಟು."

"ಬೀಡಿ ಸಾಲಿ ಚಲೋ ಐತಿ," ಎಂದ ಅಜ್ಜ, ಉಪ್ಪಿನಕಾಯಿ ಭರಣಿಗೆ ಹೇಳಿದಂತೆ.

ಆ ನೆಲವನ್ನು ಏರಿಸಿದವರು ನಾನು ಮತ್ತು ಅವ್ವ. ಲಗಮಣ್ಣ ಗರಸು ತಂದು ಸುರಿದ. ನಾವು ನೀರು ಚಿಮುಕಿಸಿ, ಬಡಿಮಣೆಯಿಂದ ಬಡಿದು, ಮತ್ತೆ ಸುರಿದು, ಮತ್ತೆ ಬಡಿದು, ಬೆಂಚಿನ ಪಡುವಣ ಬದಿಗೆ ಉದ್ದಕ್ಕೂ ಎಂಟು ಬೆರಳು ಎತ್ತರದ ಕಟ್ಟೆ ಮಾಡಿದೆವು. ನಾನು ಅಳೆದದ್ದು ಅಪ್ಪನ ಬೆರಳುಗಳಿಂದಲೇ. ಪ್ರತಿ ಸಲ ಅವನನ್ನು ಕರೆದು ಕೈ ಕೇಳಿದೆ. ಮೇಲೆ ಸೆಗಣಿ ಸಾರಿಸಿದ ಮೇಲೆ ಅಪ್ಪ ಹತ್ತಿ ನಿಂತು ಅರ ಹಿಡಿದ. ಮೊಣಕೈ ಸೊಂಟದ ಹತ್ತಿರ ಇಳಿಯಿತು. ಕಬ್ಬಿಣ ಕಿರುಗುಟ್ಟಿ ಪುಡಿ ಉದುರಿತು. ಅಂದಿನಿಂದ ಅಪ್ಪ ನನ್ನನ್ನು ಗಾಡಿಮನೆಯಿಂದ ಕಳಿಸಲಿಲ್ಲ. ಇಂಜಿನ್ನಿನ ಮೇಲಿನ ಮುಚ್ಚಳ, ಸುರುಳಿ ಸುತ್ತಿದ ತಂತಿಗಳು, ಅಣಬೆಯಂತೆ ಕಾಣುವ ಎಂಟು ವಾಲ್ವುಗಳು, ಎಲ್ಲ ಬೆಂಚಿನ ಮೇಲೆ ಸಾಲಾಗಿ ಬಂದವು. ಯಾವುದು ಎಲ್ಲಿಂದ ಬಂತು ಎಂದು ನಾನು ಸುಣ್ಣದಿಂದ ಪಕ್ಕದಲ್ಲಿ ಅಂಕಿ ಬರೆದೆ. ಆದರೆ ಕೆಲಸ ನಾವೆಣಿಸಿದಂತೆ ಓಡಲಿಲ್ಲ. ಎಂಟೂ ವಾಲ್ವುಗಳು ಸುಟ್ಟು ಒರಟಾಗಿದ್ದವು. ಕೂರಬೇಕಾದ ಜಾಗದಲ್ಲಿ ಅವು ಸರಿಯಾಗಿ ಕೂರದಿದ್ದರೆ ಇಂಜಿನ್ನಿನ ಉಸಿರು ಸೋರಿಹೋಗುತ್ತದೆ ಎಂದು ಅಪ್ಪ ಹೇಳಿದ. ಒಂದೊಂದನ್ನೂ ತಿಕ್ಕಿ ನಯ ಮಾಡಬೇಕಿತ್ತು. ಹುಣ್ಣಿಮೆಯ ಹಿಂದಿನ ದಿನ ಮಧ್ಯಾಹ್ನದ ಹೊತ್ತಿಗೆ ಆದದ್ದು ಎರಡು.

ಆ ದಿನ ಇಳಿಹೊತ್ತಿಗೆ ಅಜ್ಜ ಗಾಡಿಮನೆಗೆ ಬಂದ. ಮೋಟಾರು ಕಂಡು ಜಗಳವಾಡಿದ ದಿನ ಬಿಟ್ಟರೆ ಅವನು ಒಳಗೆ ಕಾಲಿಟ್ಟದ್ದು ಅದೇ ಮೊದಲು. ಬೆಂಚಿನ ಮೂಡಣ ಬದಿಗೆ, ನಾವು ನೆಲ ಏರಿಸದ ಕಡೆ, ಬಂದು ನಿಂತ. ಅಪ್ಪ ಎದುರಿಗೆ ಇದ್ದರೂ ಗೋಡೆಗೆ ಹೇಳಿದ:

"ಮುಂಜಾನಿ ಲಗಮಣ್ಣ ಎತ್ತು ತರ್ತಾನ. ಹಗ್ಗ ಕಟ್ಟಾಕ ಜಾಗಾ ಬಿಡ್ರಿ."

ಅಪ್ಪ ತಲೆ ಎತ್ತಲಿಲ್ಲ. ಸಾಣೆಯ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಮೂರನೆಯ ವಾಲ್ವಿನ ಅಂಚಿಗೆ ಹಚ್ಚಿ, ಅದಕ್ಕೆ ಸಿಕ್ಕಿಸಿದ ಕಟ್ಟಿಗೆಯ ಹಿಡಿಯನ್ನು ಎರಡೂ ಅಂಗೈಗಳ ನಡುವೆ ಹಿಂದೆ ಮುಂದೆ ಹೊರಳಿಸುತ್ತಲೇ ಇದ್ದ. ಅಜ್ಜ ಹೇಳುವುದನ್ನು ಹೇಳಿಯಾಗಿತ್ತು, ಹೋಗಬಹುದಿತ್ತು. ಹೋಗಲಿಲ್ಲ. ಕೈಗಳನ್ನು ಬೆಂಚಿನ ಮೇಲೆ ಇಟ್ಟ. ಅವು ತಮ್ಮಷ್ಟಕ್ಕೆ ತಾವೇ ಸರಿಯಾಗಿ ಕೂತವು. ಬಗ್ಗಬೇಕಿಲ್ಲ, ಏರಿಸಬೇಕಿಲ್ಲ. ಜೀವಮಾನವೆಲ್ಲ ಬಾಗಿಲಿಗೂ ನೊಗಕ್ಕೂ ಬಗ್ಗಿದ ಆ ಉದ್ದನೆಯ ಮನುಷ್ಯ ಒಂದು ಕಡೆ ನೆಟ್ಟಗೆ ನಿಂತದ್ದನ್ನು ನಾನು ನೋಡಿದೆ. ಅವನು ಒಂದು ವಾಲ್ವು ಎತ್ತಿ ಬೆಳಕಿಗೆ ಹಿಡಿದ.

"ಮಜ್ಜಿಗಿ ಕಡದಂಗ ಕಡ್ಯಾಕತ್ತೀಯಲ್ಲ. ಯಾತಕ್ಕಿದು?"

ಅದು ಗೋಡೆಗೆ ಕೇಳಿದ್ದಾಗಿರಲಿಲ್ಲ.

"ಸುತ್ತಾ ಒಂದ ಬೂದಿಬಣ್ಣದ ಗೆರಿ ಮೂಡಬೇಕ್ರಿ ಅಪ್ಪಾ. ಎಲ್ಲೂ ಕಡೀಬಾರದು. ಕಡದ್ರ ಅಲ್ಲಿ ಉಸಿರ ಸೋರತೈತಿ."

ಅಜ್ಜ ಅಪ್ಪ ತಿಕ್ಕಿದ್ದನ್ನು ಒರೆಸಿ ನೋಡಿದ. "ಇಲ್ಲಿ ಕಡದೈತಿ."

"ಎಲ್ರಿ?"

"ಕಣ್ಣಿಲ್ಲೇನ? ಇಲ್ಲಿ, ಉಗರಿನಷ್ಟು. ಕೊಡು ಇಲ್ಲೆ. ನಿನ್ನ ಅಂಗೈ ಒಂದ ಕಡೆ ಭಾರ ಬೀಳತೈತಿ."

ಅಜ್ಜ ಹಿಡಿ ತೆಗೆದುಕೊಂಡ. ಹಗ್ಗ ಹೊಸೆದು ಪಳಗಿದ ಕೈ ಅದು. ಅಂಗೈಗಳ ನಡುವೆ ಹಿಡಿ ಒಂದೇ ಹದದಲ್ಲಿ ಹೊರಳತೊಡಗಿತು. ಒರೆಸಿ ನೋಡಿದ, ಇನ್ನಷ್ಟು ಪುಡಿ ಕೇಳಿದ, ಮತ್ತೆ ಹೊರಳಿಸಿದ. ನಡುವೆ ಕೇಳಿದ: ಇದು ಏಳುವುದು ಯಾತರಿಂದ? ಕೂರಿಸುವುದು ಯಾರು? ಒಂದು ಎದ್ದಾಗ ಇನ್ನೊಂದು ಏನು ಮಾಡುತ್ತಿರುತ್ತದೆ? ಅಪ್ಪ ಒಂದೊಂದಕ್ಕೂ ಉತ್ತರ ಹೇಳಿದ. ತಿಳಿಯದಿದ್ದಲ್ಲಿ ಅಜ್ಜ ಮತ್ತೊಮ್ಮೆ ಹೇಳಿಸಿದ. ಅಡುಗೆಮನೆಯಿಂದ ಆಯಿ ನನ್ನ ಹೆಸರು ಹಿಡಿದು ಕೂಗಿದ್ದು ಕೇಳಿಸಿತು. ಮರಗಳ ಮೇಲೆ ಬಿಸಿಲು ಕೆಂಪಗಾಗಿತ್ತು. ನಾನು ಹೋಗಿ ಅವರ ಎದುರಿಗೆ ನಿಲ್ಲಬೇಕಿತ್ತು, ಅಷ್ಟೇ ನನ್ನ ಕೆಲಸ. ನಾನು ಚಕ್ಕಡಿಯ ಹಿಂದೆ ಸರಿದು ಅವರಿಗೆ ಕಾಣದಂತೆ ಕುಕ್ಕರುಗಾಲಲ್ಲಿ ಕೂತೆ. ಮೂಡಣದಲ್ಲಿ ಚಂದ್ರ ಆಗಲೇ ಎದ್ದಿದ್ದ. ಹೊತ್ತು ಮುಳುಗಿದರೂ ಬೆಂಚಿನ ಮೇಲೆ ಬೆಳಕು ಪೂರ್ತಿ ಹೋಗಲಿಲ್ಲ.

"ಆತು ನೋಡು," ಎಂದು ಅಜ್ಜ ವಾಲ್ವು ಎತ್ತಿ ಹಿಡಿದದ್ದೂ ಆಯಿ ಬಂದು ನಿಂತದ್ದೂ ಒಂದೇ ಆಯಿತು.

"ಹೊತ್ತು ಮುಳುಗಿ ಎಷ್ಟೊತ್ತಾತು, ತಂದಿ ಮಗಗ ಏನರ ಖಬರ ಐತೇನ? ಲಗ್ನ ಆಗಿ ಬಂದಾಗಿಂದ ನಾ ಇಂಥಾದ್ದು ಕಂಡಿಲ್ಲ! ಪದ್ದೀ, ಕರದೀ ಇಲ್ಲೋ ಇವರನ್ನ?"

ನಾನು ಚಕ್ಕಡಿಯ ಹಿಂದಿನಿಂದ ಎದ್ದು ಬಂದೆ. "ಕರೀಲಿಲ್ಲ, ಆಯಿ," ಎಂದೆ. ಈ ಸಲ ದನಿ ನನ್ನದೇ ಇತ್ತು.

ಅಜ್ಜ ಆಕಾಶ ನೋಡಿದ, ತನ್ನ ಕರಿ ಅಂಗೈ ನೋಡಿದ, ನನ್ನನ್ನು ನೋಡಿದ. ಬಾವಿಗೆ ಹೋಗಿ ಕೈ ತೊಳೆದು ಬಂದು ಕಟ್ಟೆಯ ಮೇಲೆ ಕೂತ. ಅಪ್ಪನೂ ಕೂತ. ಅವ್ವ ಮಾಡಿಟ್ಟ ರೊಟ್ಟಿ ಮುಚ್ಚಿದಂತೆಯೇ ಉಳಿಯಿತು. ಇಬ್ಬರೂ ಹಸಿದುಕೊಂಡು ಕೂತಲ್ಲಿಂದ, ಗಾಳಿಯೊಡನೆ ಬೆರೆತ ಪೆಟ್ರೋಲು ಕಿಡಿ ತಗುಲಿ ಹೇಗೆ ಉರಿಯುತ್ತದೆ ಅನ್ನುವ ಮಾತು ನನಗೆ ನಿದ್ದೆ ಬರುವ ತನಕ ಕೇಳಿಸುತ್ತಿತ್ತು.

ಹುಣ್ಣಿಮೆಯ ಬೆಳಗ್ಗೆ ಲಗಮಣ್ಣ ಹೇಳಿದ ಹೊತ್ತಿಗೆ ಸರಿಯಾಗಿ ಎತ್ತು ಹೊಡೆದುಕೊಂಡು, ಹೆಗಲ ಮೇಲೆ ಹಗ್ಗದ ಸುರುಳಿ ಹಾಕಿಕೊಂಡು ಬಂದ. ಅಪ್ಪ ಗಾಡಿಮನೆಯ ಕಂಬಕ್ಕೆ ಒರಗಿ ನಿಂತಿದ್ದ. ಅವ್ವ ಹೊಸ್ತಿಲಲ್ಲಿ, ಆಯಿ ಬಾವಿಯ ಹತ್ತಿರ, ನಾನು ಬೆಂಚಿನ ಕಾಲು ಹಿಡಿದುಕೊಂಡು. ಅಜ್ಜ ಬೆಳಗಿನ ರೊಟ್ಟಿಯನ್ನು ದೊಡ್ಡ ದೊಡ್ಡ ತುತ್ತು ಮಾಡಿ ತಿನ್ನುತ್ತಿದ್ದ. ಮುಗಿಸಿ, ಬಾಯಿ ತೊಳೆದು, ಹೆಗಲ ಮೇಲಿನ ವಸ್ತ್ರದಿಂದ ಒರೆಸಿಕೊಂಡು ಹೊರಗೆ ಬಂದ.

"ಹಗ್ಗ ಎಲ್ಲಿ ಕಟ್ಲಿರಿ ಸಾವಕಾರ್ರ?"

"ಯಾತಕ್ಕ?"

"ಮೋಟಾರ ಎಳ್ಯಾಕ್ರಿ. ನೀವ ಹೇಳಿದ್ರಿ."

"ಅದರ ಹೊಟ್ಟಿ ಪೂರಾ ಬಿಚ್ಚಿ ಬೆಂಚಿನ ಮ್ಯಾಲ ಇಟ್ಟೇವಿ. ಹಂಗ ಹೆಂಗ ಎಳೀತಿ?" ಎಂದು ಅಜ್ಜ ಲಗಮಣ್ಣನನ್ನೇ ಗದರಿದ. "ಚಕ್ಕಡಿ ಹೂಡ್ಕೊಂಡು ಖಾನಾಪುರಕ್ಕ ನಡಿ. ಇನ್ನೊಂದನ್ನ ಹೊರಗ ತಗದು ನಿಲ್ಲಸು, ಇಲ್ಲಿ ಕೈಯಾಡ್ಸಾಕ ಜಾಗಾ ಸಾಲೂದಿಲ್ಲ."

ಆಮೇಲೆ ತೋಳು ಮೇಲೇರಿಸುತ್ತ ಒಳಗೆ ಬಂದು, ಬೆಂಚಿನ ಮೂಡಣ ಬದಿಗೆ ನಿಂತು, ನನ್ನ ಕಡೆ ಕೈ ಚಾಚಿದ.

"ನಾಕನೇದ್ದು ಕೊಡವಾ."